ಚೆಂಡು ಬೇಡ, ಚಾಲಿ ಕೊಡು

ಕೇಳುಗರಿಗೆ ನಮಸ್ಕಾರ.

ಶಿರಸಿಯ ಆಸುಪಾಸಿನ ಹಳ್ಳಿಗಳಲ್ಲಿ ಫಿಸಿಯೋಥೆರಪಿ ಮಾಡಿಸುತ್ತ ತಿರುಗುವವಳು ನಾನು. ಪಾರ್ಶ್ವವಾಯುವಾದವರ ಹಾಸಿಗೆಯ ತಲೆದೆಸೆಯಲ್ಲಿ ಒಂದು ರಬ್ಬರ್ ಚೆಂಡು ಇದ್ದೇ ಇರುತ್ತದೆ. ಹಿಸುಕಿ ಎಂದು ಯಾರೋ ಹೇಳಿರುತ್ತಾರೆ. ಆ ಯಾರೋಗಳಲ್ಲಿ ನಾನೂ ಒಬ್ಬಳಾಗಿದ್ದೆ.

ನನ್ನನ್ನು ತಿದ್ದಿದ್ದು ಒಬ್ಬರು ಅಜ್ಜಿ. ಅವರ ಬಲಗೈ ಸೋತಿತ್ತು, ಬೆರಳುಗಳು ಮುಷ್ಟಿಗಟ್ಟಿ ಬಿಗಿದಿದ್ದವು. “ತಂಗೀ, ಮುಚ್ಚುವುದನ್ನು ಈ ಕೈ ತಾನೇ ಕಲಿತಿದೆ. ಬಿಚ್ಚುವುದನ್ನು ಹೇಳಿಕೊಡು” ಎಂದರು. ನಾನು ಚೆಂಡನ್ನು ಚೀಲಕ್ಕೆ ಹಾಕಿಕೊಂಡೆ.

ಯಾವ ಕೈಗೆ ಯಾವ ಚಿಕಿತ್ಸೆ ಎಂಬುದೇ ಈಗಿನ ಸಂಶೋಧನೆಯ ಪ್ರಶ್ನೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಕ್ಯಾಥಿ ಸ್ಟಿನಿಯರ್ ಮತ್ತು ಸಂಗಡಿಗರು ಪಾರ್ಶ್ವವಾಯುವಾದ ಮೊದಲ ಮೂರು ದಿನದೊಳಗೆ ಎರಡು ಚಲನೆಗಳನ್ನು ನೋಡುತ್ತಾರೆ: ತೋಳು ಪಕ್ಕಕ್ಕೆ ಏಳುತ್ತದೆಯೇ, ಬೆರಳು ಬಿಚ್ಚುತ್ತವೆಯೇ. ಒಂದೊಂದಕ್ಕೆ ಹೆಚ್ಚೆಂದರೆ 5 ಅಂಕ. ಒಟ್ಟು 5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕೈ ಚೆನ್ನಾಗಿ ಮರಳುವ ಸಂಭವವಿದೆ. ಕಡಿಮೆಯಾದರೆ ಮಿದುಳಿಗೆ ಅಯಸ್ಕಾಂತದ ಮಿಡಿತ ಕೊಟ್ಟು, ಸಂದೇಶ ಕೈಯ ಸ್ನಾಯುವಿಗೆ ಮುಟ್ಟುತ್ತದೆಯೇ ಎಂದು ಪರೀಕ್ಷಿಸುತ್ತಾರೆ. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಈ ಮುನ್ಸೂಚನೆ ಸಿಕ್ಕಿದ ರೋಗಿಗಳು ಸುಮಾರು ಒಂದು ವಾರ ಮೊದಲೇ ಮನೆಗೆ ಹೋದರು. ಚೇತರಿಕೆಯೇನೂ ಕುಂದಲಿಲ್ಲ. ಅಯಸ್ಕಾಂತದ ಯಂತ್ರ ನನ್ನ ಚೀಲದಲ್ಲಿಲ್ಲ, ನಿಜ. ಮೊದಲಿನ ಎರಡು ಪ್ರಶ್ನೆಗಳಿಗೆ ಯಂತ್ರ ಬೇಕಾಗಿಯೂ ಇಲ್ಲ.

ಒಂದು ಕೈ ಸೋತರೆ ಇನ್ನೊಂದು ಧಾವಿಸಿ ಬರುತ್ತದೆ, ಸೋತದ್ದು ಕೆಲಸವನ್ನೇ ಮರೆಯುತ್ತದೆ. ಅದಕ್ಕೆ ಗಟ್ಟಿ ಕೈಗೆ ಗವಸು ತೊಡಿಸುವ ಕ್ರಮವಿದೆ. 2006ರಲ್ಲಿ ಅಮೆರಿಕದಿಂದ ಬಂದ ವರದಿಯ ಪ್ರಕಾರ 222 ಮಂದಿಯ ಮೇಲೆ ನಡೆದ ಪ್ರಯೋಗ ಫಲ ಕೊಟ್ಟಿತು. ಆದರೆ ಆರಿಸಿಕೊಂಡಿದ್ದು ಮಣಿಕಟ್ಟು, ಬೆರಳು ಒಂದಿಷ್ಟಾದರೂ ಏಳುವವರನ್ನು ಮಾತ್ರ. ಪೂರ್ತಿ ಬಿದ್ದ ಕೈಯವರಿಗೆ ಗವಸು ಬರೀ ಶಿಕ್ಷೆ.

ಮನೆಯವರೇ ಮಾಡಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳೊಂದಿಗೆ ಅದನ್ನೇ ಪರೀಕ್ಷಿಸಿದರು. 2017ರ ಫಲಿತಾಂಶ ನಿರಾಶೆಯದು: ಮನೆಯವರಿಗೆ ತರಬೇತಿ ಕೊಟ್ಟರೂ ಆರು ತಿಂಗಳಲ್ಲಿ ಸಾವಾಗಲಿ ಪರಾವಲಂಬನೆಯಾಗಲಿ ಇಳಿಯಲಿಲ್ಲ. ಹಾಗಾಗಿ ನಾನು ಹದಿನೈದು ದಿನಕ್ಕೊಮ್ಮೆಯಾದರೂ ಹೋಗುತ್ತೇನೆ.

ಅಜ್ಜಿಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರುವ ಆಸೆ. ಸ್ಪರ್ಶ ಮಂದವಾದ ಕೈಗೆ ಅಲಗು ಬೇಡವೆಂದು, ಹರಿವಾಣದ ಚಾಲಿಯಿಂದ, ಅಂದರೆ ಒಣಗಿಸಿ ಸುಲಿದ ಅಡಿಕೆಯಿಂದ, ಕೋಕ ಎನ್ನುವ ಕೆಟ್ಟ ಅಡಿಕೆ ಆರಿಸಿ ಬುಟ್ಟಿಗೆ ಹಾಕುವ ಕೆಲಸ ಕೊಟ್ಟೆ. ಮೊದಲ ದಿನ ಹೇಗೋ ಎತ್ತಿದ ಅಡಿಕೆ ಬೆರಳುಗಳ ನಡುವೆಯೇ ಸಿಕ್ಕಿ ನಿಂತಿತು. ಕೈ ಕೊಡವಿದರೂ ಬೀಳಲಿಲ್ಲ. ಬುಟ್ಟಿಯನ್ನು ತಗ್ಗಿಸಿ ಮಣಿಕಟ್ಟನ್ನು ಕೆಳಕ್ಕೆ ಬಾಗಿಸಿದೆ. ಹಾಗೆ ಬಾಗಿದಾಗ ಬೆರಳು ತಾನಾಗಿ ಸಡಿಲುತ್ತವೆ. ಟಪ್ಪೆಂದು ಬಿತ್ತು. ಆಮೇಲೆ ಕೈ ಸುಧಾರಿಸಿದಂತೆ ಬುಟ್ಟಿಯನ್ನು ಮಣೆಯ ಮೇಲೆ, ಮಣೆಯಿಂದ ಸ್ಟೂಲಿನ ಮೇಲೆ ಏರಿಸುತ್ತ ಬಂದೆವು.

ದಿನದ ಲೆಕ್ಕವನ್ನು ಸೊಸೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ ಬರೆಯುತ್ತಾರೆ. ಮೊನ್ನೆ ನೋಡಿದರೆ ಒಂದು ದಿನದ ಅಂಕಿ ಏಕಾಏಕಿ ದುಪ್ಪಟ್ಟಾಗಿತ್ತು. ವಿಚಾರಿಸಿದೆ. ಅಂದು ಎಡಗೈಯೂ ಸೇರಿಕೊಂಡಿತ್ತಂತೆ.

ನಮಸ್ಕಾರ.