ಕ್ರೂರ್ ಸಿಂಗ್‌ನ ಹೆಂಡತಿ

ನಮಸ್ಕಾರ ಕೇಳುಗರೇ. ರೇಡಿಯೋದಲ್ಲಿ ಕೂತು ಟಿವಿಯನ್ನು ಹೊಗಳೋದು ಅಂದ್ರೆ ತವರುಮನೆಯಲ್ಲಿ ಕೂತು ಗಂಡನ ಮನೆಯನ್ನು ಹೊಗಳಿದ ಹಾಗೆ. ಆದರೂ ಇವತ್ತು ಅದನ್ನೇ ಮಾಡುತ್ತೇನೆ.

ನಮ್ಮದು ಇಳಕಲ್, ನೇಕಾರರ ಓಣಿ. ಆಗಿನ್ನೂ ನಾವು ಬಿಜಾಪುರ ಜಿಲ್ಲೆಯವರು, ಬಾಗಲಕೋಟೆ ಜಿಲ್ಲೆ ಆಗಿದ್ದು 1997ರಲ್ಲಿ. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಹಿಂದಿ ಧಾರಾವಾಹಿ 'ಚಂದ್ರಕಾಂತಾ' ಶುರುವಾಗುವ ಹೊತ್ತಿಗೆ ಕುಣಿಮಗ್ಗಗಳ ಸಪ್ಪಳ ಒಂದೊಂದಾಗಿ ನಿಲ್ಲುತ್ತಿತ್ತು, ಕಂಡಿಕೆಗೆ ನೂಲು ಸುತ್ತುತ್ತಿದ್ದ ಹೆಂಗಸರೂ ಎದ್ದು ಬರುತ್ತಿದ್ದರು, ಟಿವಿ ಇದ್ದ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಮಜಾ ಏನು ಗೊತ್ತಾ? ಅಷ್ಟೂ ಜನರಿಗೆ ಹಿಂದಿ ಬರುತ್ತಿರಲಿಲ್ಲ. ದಖನಿ ಉರ್ದು ಮಾತಾಡುವ ಚಾಚಾ ಒಬ್ಬರೇ ನಮಗೆ ಆಸರೆ. ಪರದೆ ಮೇಲೆ ಐದು ನಿಮಿಷ ಜಗಳ ನಡೆದರೆ ಚಾಚಾ "ಅವ ಒಲ್ಲೆ ಅಂತಾನ" ಅಂತ ಒಂದೇ ಮಾತಲ್ಲಿ ಮುಗಿಸುತ್ತಿದ್ದರು. ಹುಬ್ಬು ಹಣೆಗೆ ಹತ್ತಿಸಿಕೊಂಡು "ಯಕ್ಕೂ" ಅನ್ನುತ್ತಿದ್ದ ಖಳನಾಯಕ ಕ್ರೂರ್ ಸಿಂಗ್ ಮಾತ್ರ ಯಾರ ಸಹಾಯವೂ ಇಲ್ಲದೆ ಎಲ್ಲರಿಗೂ ಅರ್ಥವಾಗುತ್ತಿದ್ದ. ವಾರವಿಡೀ ಶಾಲೆಯಲ್ಲಿ ಯಾರು ಏನು ಕೇಳಿದರೂ ನಮ್ಮ ಉತ್ತರ ಯಕ್ಕೂ.

ಆಮೇಲೆ 1997ರಲ್ಲಿ ಸೂಪರ್‌ಹೀರೋ ಧಾರಾವಾಹಿ 'ಶಕ್ತಿಮಾನ್' ಬಂತು. ಅವನ ಇನ್ನೊಂದು ರೂಪ, ದಪ್ಪ ಕನ್ನಡಕದ ಪೆದ್ದು ಗಂಗಾಧರ. ನಮ್ಮ ಓಣಿಯಲ್ಲಿ ಗಂಗಾಧರರಿಗೇನು ಬರವೇ! ಪಾಪ, ಅವರೆಲ್ಲ ಶಕ್ತಿಮಾನ್ ಹಾಗೆ ಗಿರಗಿರನೆ ತಿರುಗಿ ತೋರಿಸಲೇಬೇಕಿತ್ತು. ಶಕ್ತಿಮಾನ್ ಆಗಿದ್ದ ಮುಖೇಶ್ ಖನ್ನಾ ಅದಕ್ಕೂ ಮೊದಲು ಮಹಾಭಾರತ ಧಾರಾವಾಹಿಯಲ್ಲಿ ಭೀಷ್ಮ ಆಗಿದ್ದರಲ್ಲ, ನಮ್ಮ ಆಯಿ ಅದನ್ನು ಮರೆತಿರಲಿಲ್ಲ. "ಭೀಷ್ಮಗ ಈ ವಯಸ್ಸಿನ್ಯಾಗ ಇದೇನ್ ಬಂತೋ, ತಲಿ ತಿರಗಂಗಿಲ್ಲೇನು?" ಅಂತ ನಿಜವಾಗಿಯೂ ಮರುಗುತ್ತಿದ್ದಳು. ಖಳನಾಯಕ ತಮರಾಜ್ ಕಿಲ್ವಿಶ್‌ನ ಮಾತು "ಅಂಧೇರಾ ಕಾಯಂ ರಹೇ", ಕತ್ತಲೇ ಉಳಿಯಲಿ ಅಂತ. ಅವನು ಹಾಗಂದ ಕೂಡಲೇ ಕರೆಂಟು ಹೋಗಿದ್ದೂ ಇದೆ, ಆಗ ಇಡೀ ಪಡಸಾಲೆ ಕಿಲ್ವಿಶ್‌ನನ್ನು ಬಿಟ್ಟು ಕರೆಂಟಿನವರಿಗೆ ಬೈಯುತ್ತಿತ್ತು.

ದೇಶದ ಕಲೆ, ಸಂಸ್ಕೃತಿ ತೋರಿಸುವ 'ಸುರಭಿ' ಕಾರ್ಯಕ್ರಮ ನಮಗೆ ಅಷ್ಟು ಹಿಡಿಸಲಿಲ್ಲ. ಅದರ ಪ್ರಶ್ನೆಗೆ ಉತ್ತರ ಬರೆದು 15 ಪೈಸೆ ಕಾರ್ಡ್ ಹಾಕುವ ಹುಚ್ಚು ಮಾತ್ರ ನಮ್ಮಣ್ಣನಿಗಿತ್ತು. ದೇಶದ ತುಂಬ ಇದೇ ಹುಚ್ಚು ಹಬ್ಬಿ, ಕಡೆಗೆ ಅಂಚೆ ಇಲಾಖೆ ಸ್ಪರ್ಧೆಗಳಿಗೆಂದೇ 2 ರೂಪಾಯಿಯ ಬೇರೆ ಕಾರ್ಡ್ ತಂದಿತು. ಅಣ್ಣನ ಹುಚ್ಚು ಅಲ್ಲಿಗೆ ಬಿಟ್ಟಿತು.

ಮೊನ್ನೆ 'ಚಂದ್ರಕಾಂತಾ'ವನ್ನು ಮೊಬೈಲ್‌ನಲ್ಲಿ ನೋಡಿದೆ. ಈಗ ಹಿಂದಿ ಬರುತ್ತೆ, ಅದಕ್ಕೇ ಇರಬೇಕು, ಸಪ್ಪೆ ಅನ್ನಿಸಿತು. ಚಾಚಾ ಹೇಳಿದ್ದ ಕಥೆಯಲ್ಲಿ ಕ್ರೂರ್ ಸಿಂಗ್‌ಗೆ ಒಬ್ಬಳು ಗಟವಾಣಿ ಹೆಂಡತಿ ಇದ್ದಳು, ಅವಳ ಕಾಟಕ್ಕೇ ಅವನು ಹಾಗೆ ಕೂಗುತ್ತಿದ್ದ. ನಾನು ನೋಡಿದಷ್ಟರಲ್ಲಿ ಅಂಥವಳು ಯಾರೂ ಬರಲಿಲ್ಲ. ಇನ್ನೂ ಸುಮಾರು ಕಂತು ಬಾಕಿ ಇವೆ, ಹುಡುಕುತ್ತಿದ್ದೇನೆ.

ನಮಸ್ಕಾರ.