ಕಾರ್ಡ್ ಮರೆತದ್ದು, ಡ್ರೈವರ್ ಮರೆಯಬಾರದ್ದು

ಕೇಳುಗರಿಗೆ ನಮಸ್ಕಾರ.

ನಾನು ಶಿರಸಿ ಹತ್ತಿರದ ಹಳ್ಳಿಯಲ್ಲಿ, ತೋಟದ ಪಕ್ಕದ ಮನೆಯಲ್ಲಿ ಕೂತು ಡ್ರೈವರ್ ಬರೆಯುವವನು. ಹಾಗೆಂದಾಗ ಪಕ್ಕದ ಮನೆ ಅಜ್ಜ, “ಯಾವ ರೂಟು? ಕುಮಟೆಯೋ, ಹುಬ್ಬಳ್ಳಿಯೋ?” ಅಂತ ಕೇಳಿದ್ದರು. ನನ್ನದು ಲಿನಕ್ಸ್ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಕಾರ್ಡನ್ನು ನಡೆಸುವ ಪ್ರೋಗ್ರಾಂ. ಅದಕ್ಕೂ ಡ್ರೈವರ್ ಅಂತಲೇ ಹೆಸರು.

ಕಾರ್ಡ್ ಸರಿಯಾಗಿದ್ದಾಗ ಡ್ರೈವರ್ ಬರೆಯುವುದು ಅಷ್ಟೇನೂ ಕಷ್ಟವಲ್ಲ. ಕಾರ್ಡ್ ಕೈಕೊಟ್ಟಾಗ ಏನು ಮಾಡಬೇಕು ಅನ್ನುವಲ್ಲಿ ನಮ್ಮ ಬಂಡವಾಳ ಗೊತ್ತಾಗುತ್ತದೆ.

ಕಾರ್ಡ್ ಕೈಕೊಟ್ಟಿದೆ ಅಂತ ತಿಳಿಯುವುದು ಹೇಗೆ? ಲಿನಕ್ಸ್ ಒಳಗೆ ವಾಚ್‌ಡಾಗ್ ಅಂತ ಒಂದು ಕಾವಲು ನಾಯಿ ಇದೆ. ಡ್ರೈವರ್ ಬೇರೆ ಲೆಕ್ಕ ಹೇಳದಿದ್ದರೆ ಅದು 5 ಸೆಕೆಂಡ್ ಕಾಯುತ್ತದೆ. ಕಳಿಸುವ ಸಾಲು ತುಂಬಿ ನಿಂತು, ಅಷ್ಟು ಹೊತ್ತು ಏನೂ ಮುಂದೆ ಹೋಗದಿದ್ದರೆ ಬೊಗಳುತ್ತದೆ. ಕೇಬಲ್ ಕಿತ್ತುಹೋಗಿದ್ದರೆ ಸುಮ್ನೆ ಇರುತ್ತದೆ, ಅದು ಕಾರ್ಡಿನ ತಪ್ಪಲ್ಲವಲ್ಲ. ಬೊಗಳಿದ ಜಾಗದಲ್ಲೇ ರಿಪೇರಿಗೆ ಕೂರುವ ಹಾಗಿಲ್ಲ. ಆ ಹೊತ್ತಿನಲ್ಲಿ ಕರ್ನಲ್ (ಲಿನಕ್ಸಿನ ತಿರುಳು) ಒಳಗೆ ನಿದ್ದೆ ಮಾಡುವಂತಿಲ್ಲ, ಕಾಯುವಂತಿಲ್ಲ. “ರೀಸೆಟ್ ಮಾಡಬೇಕು” ಅಂತ ಚೀಟಿ ಬರೆದಿಟ್ಟು ಬರಬೇಕು. ಬೇರೆ ಕೆಲಸಗಾರ ಅದನ್ನು ಎತ್ತಿಕೊಂಡು ಮಾಡುತ್ತಾನೆ.

ರೀಸೆಟ್ ಅಂದರೆ ಆಫ್ ಮಾಡಿ ಆನ್ ಮಾಡುವುದು, ಅಲ್ವಾ? ಅಷ್ಟೇ ಆಗಿದ್ದರೆ ನನಗೆ ಸಂಬಳ ಯಾಕೆ!

ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದೊಡ್ಡ ತೊಟ್ಟಿಲು ನೆನಪಿಸಿಕೊಳ್ಳಿ. ಡ್ರೈವರ್ ಮತ್ತು ಕಾರ್ಡ್ ನಡುವೆ ಮೆಮೊರಿಯಲ್ಲಿ ಅಂಥದ್ದೇ ಒಂದು ಚಕ್ರವಿದೆ, ರಿಂಗ್ ಅಂತಾರೆ. ಡ್ರೈವರ್ ಕಳಿಸಬೇಕಾದ ಪ್ಯಾಕೆಟ್‌ಗಳನ್ನು, ಅಂದರೆ ಮಾಹಿತಿಯ ಪೊಟ್ಟಣಗಳನ್ನು, ಕೂರಿಸುತ್ತದೆ, ಕಾರ್ಡ್ ಇಳಿಸಿಕೊಳ್ಳುತ್ತದೆ. ಬರುವ ಪ್ಯಾಕೆಟ್‌ಗಳನ್ನು ಕಾರ್ಡ್ ಕೂರಿಸುತ್ತದೆ, ಅದೂ ಪ್ರೊಸೆಸರನ್ನು ಕೇಳದೆ, ನೇರವಾಗಿ ಮೆಮೊರಿಗೇ ಬರೆದು. ತೊಟ್ಟಿಲು ತಿರುಗುತ್ತಿರುವಾಗಲೇ ಕುರ್ಚಿ ಬಿಚ್ಚಿದರೆ ಏನಾಗುತ್ತದೆ? ಇಲ್ಲೂ ಅದೇ. ಕಾರ್ಡ್ ಪೂರ್ತಿ ನಿಲ್ಲುವ ಮೊದಲೇ ಡ್ರೈವರ್ ಆ ಮೆಮೊರಿಯನ್ನು ಬಿಟ್ಟುಕೊಟ್ಟರೆ, ಕಾರ್ಡ್ ಇನ್ಯಾರದೋ ಜಾಗದಲ್ಲಿ ಬರೆದುಬಿಡುತ್ತದೆ. ಮಷೀನು ಅರ್ಧ ಗಂಟೆ ಬಿಟ್ಟು, ಸಂಬಂಧವೇ ಇಲ್ಲದ ಕಡೆ ಬೀಳುತ್ತದೆ. ಹಾಗಾಗಿ ಮೊದಲು ಸಾಲು ನಿಲ್ಲಿಸಬೇಕು, ಇಂಟರಪ್ಟ್ (ಕಾರ್ಡ್ ಪ್ರೊಸೆಸರನ್ನು ಕರೆಯುವ ಗಂಟೆ) ಮುಚ್ಚಬೇಕು, ಕಾರ್ಡಿನ ಕೈ ಕಟ್ಟಬೇಕು. ರೀಸೆಟ್ ಆಮೇಲೆ. ಚಕ್ರದಲ್ಲಿ ಉಳಿದಿದ್ದ ಪ್ಯಾಕೆಟ್‌ಗಳು ಹೋದವು ಅಂತಲೇ ಲೆಕ್ಕ. ಕಳಿಸಿದ್ದು ತಲುಪಿತೇ ಅಂತ ಲೆಕ್ಕ ಇಡುವ ಟಿಸಿಪಿ, ತನ್ನವನ್ನು ಮತ್ತೆ ಕಳಿಸಿಕೊಳ್ಳುತ್ತದೆ.

ಕೆಲವು ಸಲ ಕಾರ್ಡ್ ಬಸ್ಸಿನಿಂದಲೇ ಮಾಯವಾಗಿರುತ್ತದೆ. ಅಜ್ಜನ ಬಸ್ಸಲ್ಲ, ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಪಿಸಿಐ ಬಸ್ಸು. ಆಗ ಏನು ಓದಿದರೂ 32 ಬಿಟ್ಟೂ 1 ಅಂತಲೇ ಬರುತ್ತದೆ. ತಿಳಿಯದ ಡ್ರೈವರ್ ಅದನ್ನು ಉತ್ತರ ಅಂದುಕೊಂಡು, “ಈ ಬಿಟ್ ಸೊನ್ನೆ ಆಗಲಿ” ಅಂತ ಕಾಯುತ್ತಾ ಕೂರುತ್ತದೆ. ಅದು ಎಂದೂ ಆಗುವುದಿಲ್ಲ. ಖಾಲಿ ಮನೆಯ ಬಾಗಿಲು ಬಡಿದ ಹಾಗೆ. ಇಷ್ಟು ಸಲ ನೋಡಿ ಬಿಡು ಅಂತ ಒಂದು ಮಿತಿ ಬರೆದಿರಲೇಬೇಕು.

ಈಗ ನನ್ನದೇ ಒಂದು ಎಡವಟ್ಟು. ಕಳೆದ ಮಳೆಗಾಲದ ಒಂದು ಸಂಜೆ, ಹೊರಗೆ ಜೋರು ಮಳೆ. ಬೇಕಂತಲೇ ಕಾರ್ಡನ್ನು ಹ್ಯಾಂಗ್ ಮಾಡಿಸಿ ಪಿಂಗ್ (ಆಚೆಯ ಮಷೀನಿಗೆ “ಇದ್ದೀಯಾ?” ಅಂತ ಕೇಳುವ ಪ್ರೋಗ್ರಾಂ) ನೋಡುತ್ತಿದ್ದೆ. ಆರೇಳು ಸೆಕೆಂಡ್ ನಿಂತಿತು, ಮತ್ತೆ ಶುರುವಾಯಿತು. ಗೆದ್ದೆ ಅಂತ ಊಟಕ್ಕೆ ಹೋದೆ. ಬಂದು ನೋಡಿದರೆ ಇಂಟರ್‌ನೆಟ್ ವಿಳಾಸದ ಹಳೆಯ ಪದ್ಧತಿ ಐಪಿವಿ4 ಸರಿ ಇದೆ, ಹೊಸ ಪದ್ಧತಿ ಐಪಿವಿ6 ಸತ್ತಿದೆ. ಏನು ಬರುತ್ತಿದೆ ನೋಡೋಣ ಅಂತ, ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಹಾಕಿದೆ. ಹಾಕಿದ ಕ್ಷಣವೇ ಐಪಿವಿ6 ಎದ್ದು ಕೂತಿತು! ಮುಚ್ಚಿದ ಮೇಲೂ ಸರಿ. ಮೆಕ್ಯಾನಿಕ್ ಬಂದ ಕೂಡಲೇ ತೋಟದ ಪಂಪು ಓಡಿದ ಹಾಗೆ. ಮತ್ತೆ ರೀಸೆಟ್ ಮಾಡಿದರೆ ಮತ್ತೆ ಸಾವು.

ಎರಡು ದಿನ ತಲೆ ಕೆಡಿಸಿಕೊಂಡೆ. ಆಗಿದ್ದಿಷ್ಟೇ. ಯಾವ ಮಲ್ಟಿಕಾಸ್ಟ್ (ಒಂದು ಗುಂಪಿಗೆ ಕಳಿಸುವ) ಪ್ಯಾಕೆಟ್‌ಗಳನ್ನು ಒಳಗೆ ಬಿಡಬೇಕು ಅನ್ನುವ ಪಟ್ಟಿ ಕಾರ್ಡಿನೊಳಗೆ ಇರುತ್ತದೆ. ರೀಸೆಟ್ ಅದನ್ನು ಒರೆಸಿಹಾಕಿತ್ತು, ನಾನು ತಿರುಗಿ ಬರೆದಿರಲಿಲ್ಲ. ಐಪಿವಿ4 ಪಕ್ಕದವರನ್ನು ಹುಡುಕುವುದು ಬ್ರಾಡ್‌ಕಾಸ್ಟ್‌ನಲ್ಲಿ, ಅಂದರೆ ಎಲ್ಲರಿಗೂ ಕೂಗಿ, ಅದಕ್ಕೆ ಈ ಪಟ್ಟಿ ಬೇಡ. ಐಪಿವಿ6 ಮಲ್ಟಿಕಾಸ್ಟನ್ನೇ ನಂಬಿದೆ. ಟಿಸಿಪಿಡಂಪ್ ಬಂದಾಗ ಕಾರ್ಡ್ ಎಲ್ಲಾ ಬಾಗಿಲು ತೆರೆಯುತ್ತದೆ, ಅದು ಹೋಗುವಾಗ ಕರ್ನಲ್ ಪಟ್ಟಿಯನ್ನು ಹೊಸದಾಗಿ ಬರೆಸುತ್ತದೆ. ನೋಡಲು ಹೋದದ್ದೇ ರಿಪೇರಿಯಾಗಿತ್ತು.

ಸರಿಪಡಿಸಲು ಬೇಕಾದದ್ದು ಒಂದೇ ಸಾಲು. ಆಮೇಲೆ ವಿಎಲ್‌ಎಎನ್ (ಒಂದೇ ಜಾಲದೊಳಗಿನ ಬೇರೆ ಬೇರೆ ಪಾಲು) ಪಟ್ಟಿ, ಮ್ಯಾಕ್ ವಿಳಾಸ (ಕಾರ್ಡಿನ ಸ್ವಂತ ವಿಳಾಸ), ಎಂಟಿಯು (ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ) ಎಲ್ಲ ಒಂದೊಂದಾಗಿ ನೋಡಿದೆ. ವಿಎಲ್‌ಎಎನ್ ಕೂಡ ಬಿಟ್ಟುಹೋಗಿತ್ತು. ಈಗ ರಾತ್ರಿ ಮಲಗುವಾಗ ನಿಮಿಷಕ್ಕೊಂದು ರೀಸೆಟ್ ಹಚ್ಚಿಟ್ಟು, ಎರಡೂ ಬಗೆಯ ಪಿಂಗ್ ಬಿಟ್ಟು ಮಲಗುತ್ತೇನೆ. ಬೆಳಿಗ್ಗೆ ಚಾ ಕುಡಿಯುವ ಮೊದಲು ನೋಡುವುದು ಐಪಿವಿ6 ಪಿಂಗನ್ನೇ.

ನಮಸ್ಕಾರ.