ಬೇಸ್ ಬೇಕಾದರೆ ರಬ್ಬರ್ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತಿನ ಮಾತು ಕಿವಿಯೊಳಗೆ ತೂರಿಸಿಕೊಳ್ಳುವ ಇಯರ್‌ಫೋನ್ ಬಗ್ಗೆ. ಬೇಸ್, ಅಂದರೆ ಹಾಡಿನ ದಪ್ಪ ಸದ್ದು, ಚೆನ್ನಾಗಿ ಬರಬೇಕು, ಕಿವಿ ನೋಯಬಾರದು, ಅಂಥದ್ದನ್ನು ಆರಿಸುವುದು ಹೇಗೆ ಅಂತ ಹೇಳಿ ಎಂದು ಕರೆದಿದ್ದಾರೆ. ನಾನು ಧ್ವನಿಮುದ್ರಣದ ಕೆಲಸದವನು. ಎಲ್ಲಿ ಹೋದರೂ ಜನ ಕೇಳುವುದು ಎರಡೇ ಪ್ರಶ್ನೆ. "ಎಷ್ಟು ಎಂಎಂ ಡ್ರೈವರ್ ತಗೊಳ್ಳಲಿ ಸಾರ್?" ಡ್ರೈವರ್ ಅಂದರೆ ಒಳಗಿನ ಪುಟ್ಟ ಸ್ಪೀಕರ್. ಇನ್ನೊಂದು, "ಯಾವ ಕಂಪನೀದು ಬೇಸ್ ಜಾಸ್ತಿ?" ಎರಡಕ್ಕೂ ನನ್ನದು ಒಂದೇ ಉತ್ತರ: ತುದಿಯ ರಬ್ಬರ್ ನೋಡಿ. ಹಾಗಂದರೆ ನಾನು ಮಾತು ತೇಲಿಸುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಇಲ್ಲ ಸ್ವಾಮಿ, ನಿಜವಾಗಿಯೂ ಅದೇ ಉತ್ತರ.

ಈ ಮಾತನ್ನು ನೀವು ಇಯರ್‌ಫೋನ್ ಹಾಕಿಕೊಂಡೇ ಕೇಳುತ್ತಿದ್ದರೆ ಇನ್ನೂ ಒಳ್ಳೆಯದು. ಈಗಲೇ ಒಂದು ಪರೀಕ್ಷೆ ಮಾಡೋಣ. ಎರಡೂ ಕಡೆಯ ಇಯರ್‌ಫೋನನ್ನು ತೋರುಬೆರಳಿನಿಂದ ಸ್ವಲ್ಪವೇ ಒಳಕ್ಕೆ ಒತ್ತಿ ಹಿಡಿಯಿರಿ. ಜೋರಾಗಿ ಬೇಡ. ನನ್ನ ದನಿ ದಪ್ಪ ಆಯ್ತಾ? ಈಗ ಬೆರಳು ತೆಗೆಯಿರಿ. ಮತ್ತೆ ತೆಳ್ಳಗಾಯ್ತಾ? ಹಾಗಾಗಿದ್ದರೆ ನಿಮ್ಮ ಇಯರ್‌ಫೋನಿನಲ್ಲಿ ಬೇಸ್ ಇದೆ, ನಿಮಗೆ ತಲುಪುತ್ತಿಲ್ಲ ಅಷ್ಟೇ. ರಬ್ಬರಿಗೂ ಕಿವಿಗೂ ನಡುವೆ ಸಂದು ಇದೆ. ಒತ್ತಿದರೂ ಏನೂ ಬದಲಾಗಲಿಲ್ಲ ಅನ್ನುವವರು ಪುಣ್ಯವಂತರು. ನಿಮ್ಮ ರಬ್ಬರ್ ಸರಿಯಾಗಿ ಕೂತಿದೆ.

ಹೀಗೆ ಯಾಕೆ ಆಗುತ್ತದೆ ಅಂತ ಸ್ವಲ್ಪ ನೋಡೋಣ. ಮನುಷ್ಯರ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ಹರ್ಟ್ಸ್ ಅಂದರೆ ಗಾಳಿ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಅನ್ನುವ ಲೆಕ್ಕ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ದಪ್ಪ ತಂತಿ ಮೀಟಿದರೆ ಸುಮಾರು 41 ಹರ್ಟ್ಸ್. ಅಂದರೆ ಬೇಸ್ ಅನ್ನುವುದು ನಿಧಾನದ ಅದುರು. ದೊಡ್ಡ ಸ್ಪೀಕರ್ ಇಡೀ ಕೋಣೆಯ ಗಾಳಿಯನ್ನು ಅಲುಗಿಸಬೇಕು, ಅದಕ್ಕೇ ಅದು ಅಷ್ಟು ದೊಡ್ಡದು. ಇಯರ್‌ಫೋನಿಗೆ ಆ ಕಷ್ಟ ಇಲ್ಲ. ಅದರೊಳಗೆ ಅದುರುವ ಪೊರೆಗೂ ನಿಮ್ಮ ಕಿವಿತಮಟೆಗೂ ನಡುವೆ ಇರುವುದು ಒಂದೆರಡು ಮಿಲಿಲೀಟರಿನಷ್ಟು ಗಾಳಿ. ಅಷ್ಟನ್ನು ಒತ್ತಿ ಬಿಟ್ಟರೆ ಸಾಕು, ಎಷ್ಟು ಬೇಕಾದರೂ ಬೇಸ್ ಹುಟ್ಟುತ್ತದೆ. ಆದರೆ ಗಾಳಿ ಸೋರಬಾರದು. ಸೈಕಲ್ ಪಂಪಿನ ಮೂತಿ ವಾಲ್ವಿಗೆ ಸರಿಯಾಗಿ ಕೂರದಿದ್ದರೆ ಎಷ್ಟು ಒತ್ತಿದರೂ ಟ್ಯೂಬಿಗೆ ಗಾಳಿ ಹೋಗುವುದಿಲ್ಲ ಅಲ್ವಾ? ಇದೂ ಹಾಗೇ. ಸಂದು ಇದ್ದಾಗ ನಿಧಾನದ ಅದುರಿಗೆ ಹೊರಗೆ ಜಾರಿಕೊಳ್ಳಲು ಬೇಕಾದಷ್ಟು ಸಮಯ ಸಿಗುತ್ತದೆ. ವೇಗದ ಅದುರಿಗೆ ಸಿಗುವುದಿಲ್ಲ. ಅದಕ್ಕೇ ಸಂದು ಬಿದ್ದರೆ ಮಾತು ಕೇಳುತ್ತದೆ, ತಾಳದ ಝಣಝಣ ಕೇಳುತ್ತದೆ, ಬೇಸ್ ಮಾತ್ರ ಮಾಯ.

ಈಗ ಎಂಎಂ ವಿಷಯ. ಡ್ರೈವರ್ ಸಾಮಾನ್ಯವಾಗಿ 6ರಿಂದ 12 ಮಿಲಿಮೀಟರ್ ಇರುತ್ತದೆ. ದೊಡ್ಡದಿದ್ದರೆ ಬೇಸ್ ಜಾಸ್ತಿ ಅನ್ನುವುದು ಡಬ್ಬಿ ಮಾರುವವರ ಮಾತು. ಎಟಿಮೋಟಿಕ್ ಅನ್ನುವ ಕಂಪನಿ 1991ರಲ್ಲೇ ಇಆರ್-4 ಅಂತ ಒಂದು ಇಯರ್‌ಫೋನ್ ತಂದಿತು. ಅದರೊಳಗೆ ಇದ್ದದ್ದು ಶ್ರವಣ ಸಾಧನಗಳಲ್ಲಿ ಹಾಕುವ ಜಾತಿಯ ತೀರಾ ಚಿಕ್ಕ ಡ್ರೈವರ್. ಆದರೆ ಕಿವಿಯೊಳಗೆ ಬಿಗಿಯಾಗಿ ಕೂತರೆ ಕೆಳಗಿನ ಸ್ವರಗಳನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ. ಡಬ್ಬಿಯ ಮೇಲೆ 20ರಿಂದ 20,000 ಹರ್ಟ್ಸ್ ಅಂತ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದನ್ನೂ ಬಿಡಿ. ಎಲ್ಲರೂ ಅದನ್ನೇ ಬರೆಯುತ್ತಾರೆ. 20 ಹರ್ಟ್ಸ್ ಎಷ್ಟು ಜೋರಾಗಿ ಕೇಳುತ್ತದೆ ಅಂತ ಯಾರೂ ಬರೆಯುವುದಿಲ್ಲ. ಇನ್ನು "ಎಕ್ಸ್‌ಟ್ರಾ ಬೇಸ್" ಅಂತ ಕೆಂಪಕ್ಷರದಲ್ಲಿ ಹಾಕಿದ್ದರೆ ಅದು ಓದಲು ಚೆಂದ, ಅಷ್ಟೇ. ರಬ್ಬರ್ ಕೂರದಿದ್ದರೆ ಎಕ್ಸ್‌ಟ್ರಾನೂ ಇಲ್ಲ, ಇರುವುದೂ ಇಲ್ಲ.

ಇದಕ್ಕೆ ನನ್ನ ಸಹೋದ್ಯೋಗಿಯೊಬ್ಬರ ಮಗನ ಕತೆ ಹೇಳಲೇಬೇಕು. ಡ್ರಮ್ಸ್ ಬಾರಿಸುವ ಹುಡುಗ. ಒಂದು ಭಾನುವಾರ ಡಬ್ಬಿ ಸಮೇತ ಅಪ್ಪ, ಅಮ್ಮನ ಜೊತೆ ನಮ್ಮ ಮನೆಗೆ ಬಂದ. ಮುಖ ಗಂಟು ಹಾಕಿಕೊಂಡಿದ್ದ.

"ಅಂಕಲ್, ಇದರ ಎಡಗಡೆದು ಡೆಡ್ಡು. ಬೇಸೇ ಇಲ್ಲ. ಬದಲಾಯಿಸಿ ಕೊಡಿ ಅಂದೆ, ಕೊಟ್ರು. ಹೊಸದೂ ಹಂಗೇ ಇದೆ."

"ಹೊಸದರಲ್ಲೂ ಎಡಗಡೆಯೇನಾ?"

"ಹೂಂ ಅಂಕಲ್. ಇಡೀ ಲಾಟೇ ಕೆಟ್ಟಿರಬೇಕು."

ಅವನ ಕೈಯಲ್ಲಿದ್ದದ್ದು ಗುಂಡಗಿನ, ನೇರ ಮೂತಿಯ ಮಾದರಿ. ಎಡ ಬಲ ಅದಲು ಬದಲು ಮಾಡಿದರೂ ಕೂರುತ್ತದೆ. "ಎಡಗಡೇದು ಬಲಗಿವಿಗೆ ಹಾಕು, ಬಲಗಡೇದು ಎಡಗಿವಿಗೆ ಹಾಕು" ಅಂದೆ. ಹಾಕಿಕೊಂಡ. ಹಾಡು ಹಚ್ಚಿದ. ಕಣ್ಣು ಮುಚ್ಚಿ ಕೇಳಿದ. ಆಮೇಲೆ ನಿಧಾನವಾಗಿ ಕಣ್ಣು ಬಿಟ್ಟ.

"ಅಂಕಲ್, ಈಗಲೂ ಎಡಗಿವಿಗೇ ಬೇಸ್ ಇಲ್ಲ."

"ಹಂಗಾದ್ರೆ ಕೆಟ್ಟಿರೋದು ಯಾವುದಪ್ಪಾ?"

ಹುಡುಗನ ಮುಖ ಬಿಳಿಚಿಕೊಂಡಿತು. "ನನ್ನ ಕಿವಿ ಹೋಯ್ತಾ ಅಂಕಲ್?" ಅಂದ. ಅಷ್ಟರಲ್ಲಿ ಅವನ ಅಮ್ಮ ಒಳಗಿನಿಂದ ಬಂದರು. "ದಿನಾ ಆ ಡಬ್ಬ ಬಡೀಬೇಡ ಬಡೀಬೇಡ ಅಂದ್ರೂ ಕೇಳಿದ್ಯಾ?" ಅಂತ ಶುರು ಮಾಡಿದರು. ನನಗೆ ನಗು ತಡೆಯಲು ಆಗಲಿಲ್ಲ. "ಕಿವಿ ಸರಿಯಾಗಿದೆ ಇರ್ರೀ, ಡಬ್ಬಿ ಕೊಡಪ್ಪ" ಅಂದೆ. ಡಬ್ಬಿಯ ತಳದ ಕಾಗದ ಎತ್ತಿದರೆ ಅಡಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚೀಲ. ಅಂಟು ಕೂಡ ಬಿಚ್ಚಿರಲಿಲ್ಲ. ಒಳಗೆ ಎರಡು ಜೊತೆ ರಬ್ಬರ್, ಒಂದು ಚಿಕ್ಕದು, ಒಂದು ದೊಡ್ಡದು. "ಇದೇನು ಗೊತ್ತಾ?" ಅಂದರೆ, "ಸ್ಪೇರ್ ಅಲ್ವಾ ಅಂಕಲ್" ಅಂದ.

ಇಲ್ಲೇ ನೋಡಿ ನನಗೆ ತಾಳ್ಮೆ ತಪ್ಪುವುದು. ಅದು ಸ್ಪೇರ್ ಅಲ್ಲ! ಅದೇ ಇಯರ್‌ಫೋನು. ಅಂಗಿಯ ಅಳತೆ ನೋಡದೆ ಕೊಳ್ಳದವರು ರಬ್ಬರಿನ ಅಳತೆ ನೋಡುವುದೇ ಇಲ್ಲ. ಕಂಪನಿಯವರು ಮಧ್ಯಮ ಅಳತೆಯದನ್ನು ಸಿಕ್ಕಿಸಿ ಕಳಿಸಿರುತ್ತಾರೆ, ನಾವು ಅದನ್ನೇ ಕೊನೆತನಕ ಹಾಕಿಕೊಳ್ಳುತ್ತೇವೆ. ಅವನ ಎಡಗಿವಿಯ ತೂತು ಬಲಕ್ಕಿಂತ ಕೊಂಚ ದೊಡ್ಡದು. ಇದು ರೋಗ ಅಲ್ಲ, ತುಂಬ ಜನರಿಗೆ ಎರಡು ಕಿವಿ ಒಂದೇ ಅಳತೆ ಇರುವುದಿಲ್ಲ. ಎಡಗಡೆಯ ರಬ್ಬರ್ ಕಿತ್ತು ದೊಡ್ಡದನ್ನು ಸಿಕ್ಕಿಸಿದೆ. ಬಲಕ್ಕೆ ಮಧ್ಯಮದ್ದೇ ಇರಲಿ ಅಂದೆ. "ಬೇರೆ ಬೇರೆ ಹಾಕಬಹುದಾ?" ಅಂತ ಅವನಿಗೆ ಅನುಮಾನ. ಯಾರೂ ಬಂದು ಹಿಡಿಯುವುದಿಲ್ಲ ಹಾಕಪ್ಪ ಅಂದೆ.

ಹಾಕಿಕೊಂಡ. ಅದೇ ಹಾಡು. ಮೊದಲು ಹುಬ್ಬು ಮೇಲೆ ಹೋಯಿತು. ಆಮೇಲೆ ಬಲಗಾಲು ತಾನಾಗಿ ನೆಲಕ್ಕೆ ಕುಟ್ಟತೊಡಗಿತು. ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ ಅವನಿಗೆ ಈಗ ಕೇಳುತ್ತಿತ್ತು. ಅವನ ಅಮ್ಮ ಸುಮ್ನೆ ಇರಲಿಲ್ಲ. "ನಂಗೂ ಒಂದು ನೋಡಿ ಅಣ್ಣಾ, ಹಾಕ್ಕೊಂಡು ಹತ್ತು ನಿಮಿಷಕ್ಕೆ ಕಿವಿ ಸಿಡಿಯತ್ತೆ" ಅಂದರು. ಅವರದು ಮಗನಿಗೆ ಉಲ್ಟಾ. ತೂತು ಚಿಕ್ಕದು, ರಬ್ಬರ್ ದೊಡ್ಡದು. ಮಗ ಬಿಟ್ಟ ಚಿಕ್ಕ ಜೊತೆ ಅಮ್ಮನ ಇಯರ್‌ಫೋನಿಗೂ ಕೂತಿತು. ಫೋನಿನಲ್ಲಿ ತಂಗಿಯ ಜೊತೆ ಮಾತಾಡುತ್ತ ಕೂತವರು ಊಟಕ್ಕೆ ಕರೆದರೂ ಏಳಲಿಲ್ಲ.

ಕತೆ ಸ್ವಲ್ಪ ಉದ್ದ ಆಯಿತು, ನನಗೆ ಕೊಟ್ಟ ಹೊತ್ತು ಓಡುತ್ತಿದೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಡಬ್ಬಿಯಲ್ಲಿ ಎಷ್ಟು ಅಳತೆಯ ರಬ್ಬರ್ ಕೊಟ್ಟಿದ್ದಾರೆ ಅನ್ನುವುದು. ಮೂರಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ. ಆಮೇಲೆ ಮೂತಿ, ಅಂದರೆ ರಬ್ಬರ್ ಸಿಕ್ಕಿಸುವ ಕೊಳವೆ. ಅದು ತೀರಾ ದಪ್ಪ ಇದ್ದರೆ ಚಿಕ್ಕ ಕಿವಿಯವರಿಗೆ ಯಾವ ರಬ್ಬರ್ ಹಾಕಿದರೂ ನೋವೇ. ಒಡಲು ಹಗುರ ಇರಲಿ. ಭಾರ ಇದ್ದರೆ ನಡೆಯುವಾಗ ಜಾರುತ್ತದೆ, ಜಾರಿದರೆ ಸಂದು, ಸಂದಾದರೆ ಬೇಸ್ ಹೋಯಿತು. ರಬ್ಬರೇ ಇಲ್ಲದೆ ಕಿವಿಯ ಹೊರಗೆ ತೂಗುಹಾಕುವ ಗಟ್ಟಿ ಪ್ಲಾಸ್ಟಿಕ್ಕಿನವೂ ಸಿಗುತ್ತವೆ. ಮಾತಾಡಲು ಅವು ಸುಖ. ಬೇಸ್ ಬೇಕು ಅನ್ನುವವರಿಗೆ ಅವು ಬೇಡ.

ರಬ್ಬರ್ ಎಷ್ಟು ಒಳಗೆ ಹೋಗಬೇಕು ಅಂತಲೂ ಕೇಳುತ್ತಾರೆ. ಕಿವಿಯ ಕೊಳವೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಅದೂ ನೇರ ಇಲ್ಲ, ಡೊಂಕು. ಹೊರಗಿನ ಭಾಗ ಮೆತ್ತಗಿನ ಎಲುಬು, ಒಳಗಿನದು ಗಟ್ಟಿ ಎಲುಬಿನ ಮೇಲೆ ತೆಳು ಚರ್ಮ. ಅಲ್ಲಿಗೆ ಗಟ್ಟಿ ಮೂತಿ ತಾಗಿದರೆ ನೋಯುತ್ತದೆ. ಚಿಕ್ಕ ರಬ್ಬರ್ ಹಾಕಿ, ಬೇಸ್ ಬರಲಿ ಅಂತ ಒಳಕ್ಕೆ ಒತ್ತಿ ಒತ್ತಿ ನೋವು ಮಾಡಿಕೊಳ್ಳುವವರೇ ಜಾಸ್ತಿ. ಹಾಕುವ ರೀತಿ ಹೀಗೆ: ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿನಿಂದ ತಂದು ಕಿವಿಯ ಮೇಲಂಚನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಡೊಂಕು ಸ್ವಲ್ಪ ನೇರವಾಗುತ್ತದೆ. ಇಯರ್‌ಫೋನನ್ನು ಕೊಂಚ ತಿರುಗಿಸುತ್ತ ಒಳಗೆ ಕೂರಿಸಿ. ಆಮೇಲೆ ಬಾಯಿ ಮುಚ್ಚಿ "ಮ್‌ಮ್" ಅನ್ನಿ. ನಿಮ್ಮ ದನಿ ತಲೆಯೊಳಗೆ ಗುಂಯ್ ಅಂದರೆ ಸರಿಯಾಗಿ ಕೂತಿದೆ. ಒಂದೇ ಕಡೆ ಗುಂಯ್ ಅಂದರೆ ಇನ್ನೊಂದು ಕಡೆಯ ರಬ್ಬರ್ ಬದಲಾಯಿಸಿ.

ಇಲ್ಲಿಯವರೆಗೆ ಹೇಳಿದ ರಬ್ಬರ್ ಸಿಲಿಕೋನಿನದು, ಅದರ ಯಾವ ಅಳತೆಯೂ ಒಗ್ಗದಿದ್ದರೆ ಫೋಮ್ ಇದೆ, ಸ್ಪಂಜಿನಂಥದ್ದು. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ ತೂರಿಸಿ, ಅರ್ಧ ನಿಮಿಷ ಹಿಡಿದುಕೊಂಡಿರಿ. ಅದು ಉಬ್ಬಿ ಕಿವಿಯ ಆಕಾರಕ್ಕೇ ಕೂತುಬಿಡುತ್ತದೆ. ಬೇಸಿಗೂ ಸುಖಕ್ಕೂ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಕೆಲವು ತಿಂಗಳಿಗೆ ಸವೆಯುತ್ತದೆ, ಸವೆಯಲಿ, ಹೊಸದು ಹಾಕಿ. ಇನ್ನು ಕೆಲವು ವೈರ್‌ಲೆಸ್ ಇಯರ್‌ಫೋನುಗಳು ಒಳಗಿನ ಮೈಕಿನಿಂದ ತಾವೇ ಸಂದು ಪತ್ತೆ ಹಚ್ಚುತ್ತವೆ. ಆಪಲ್ ಕಂಪನಿ 2019ರಲ್ಲಿ ತಂದ ಏರ್‌ಪಾಡ್ಸ್ ಪ್ರೊನಲ್ಲಿ ಆ ಪರೀಕ್ಷೆ ಇತ್ತು. ನಿಮ್ಮದರಲ್ಲೂ ಇದ್ದರೆ ಮಾಡಿ ನೋಡಿ. ಹೊರಗಿನ ಸದ್ದು ಅಡಗಿಸುವ ನಾಯ್ಸ್ ಕ್ಯಾನ್ಸಲೇಷನ್ ಕೂಡ ಸಂದು ಇದ್ದರೆ ಅರ್ಧಂಬರ್ಧ.

ಫೋನಿನ ಈಕ್ವಲೈಸರಿನಲ್ಲಿ, ಅಂದರೆ ದಪ್ಪ, ತೆಳು ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಸೆಟ್ಟಿಂಗಿನಲ್ಲಿ, ಬೇಸ್ ಏರಿಸುವುದು ಕೊನೆಯ ಉಪಾಯ, ಮೊದಲನೆಯದಲ್ಲ. ಸೋರುವ ಕಡೆ ಬೇಸ್ ತುಂಬಿದರೆ ಡ್ರೈವರ್ ಗರಗರ ಅನ್ನುತ್ತದೆ.

ವಾಲ್ಯೂಮ್ ಬಗ್ಗೆ ಮಾತ್ರ ಅಪ್ಪ ಅಮ್ಮಂದಿರು ಸ್ವಲ್ಪ ಗಮನ ಕೊಡಿ. ಸದ್ದು ತಗ್ಗಿಸಿದಷ್ಟೂ ನಮ್ಮ ಕಿವಿಗೆ ಬೇಸ್ ಇನ್ನೂ ಕಡಿಮೆ ಅನ್ನಿಸುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು ಸಂಶೋಧಕರು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ರಬ್ಬರ್ ಸೋರುತ್ತಿದ್ದರೆ ಮಕ್ಕಳು ಬೇಸ್ ಬರಲಿ ಅಂತ ವಾಲ್ಯೂಮ್ ಏರಿಸುತ್ತ ಹೋಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬೆಲ್ ಆದರೆ (ಡೆಸಿಬೆಲ್ ಅಂದರೆ ಸದ್ದು ಎಷ್ಟು ಜೋರು ಅನ್ನುವ ಅಳತೆ) ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್ ಆದರೆ ಬರೀ 4 ಗಂಟೆ. ಮಕ್ಕಳಿಗೆ ಮಿತಿ ಇನ್ನೂ ಕಡಿಮೆ, 75 ಡೆಸಿಬೆಲ್‌ಗೆ ವಾರಕ್ಕೆ 40 ಗಂಟೆ. "ಸೌಂಡ್ ಕಮ್ಮಿ ಮಾಡೋ" ಅಂತ ಕೂಗುವ ಮೊದಲು ಅವರ ರಬ್ಬರ್ ನೋಡಿ. ಸರಿಯಾಗಿ ಕೂತರೆ ಹೊರಗಿನ ಗಲಾಟೆಯೂ ತಗ್ಗುತ್ತದೆ, ಅವರೇ ಕಮ್ಮಿ ಮಾಡುತ್ತಾರೆ. ರಸ್ತೆಯಲ್ಲಿ ನಡೆಯುವಾಗ ಮಾತ್ರ ಎರಡನ್ನೂ ತೆಗೆದು ಜೇಬಿಗೆ ಹಾಕಿ.

ಒಂದು ಕಡೆ ಸದ್ದೇ ಕಮ್ಮಿಯಾದರೆ ಮೂತಿಯ ಜಾಲರಿ ನೋಡಿ, ಗುಗ್ಗೆ ಕಟ್ಟಿರುತ್ತದೆ. ಮೂತಿ ಕೆಳಗೆ ಮಾಡಿ ಒಣ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ. ಪಿನ್ನು ಹಾಕಿ ಚುಚ್ಚಬೇಡಿ. ಸಿಲಿಕೋನ್ ರಬ್ಬರನ್ನು ಬಿಚ್ಚಿ ಸೋಪಿನ ನೀರಲ್ಲಿ ತೊಳೆಯಬಹುದು, ಪೂರ್ತಿ ಒಣಗಿದ ಮೇಲೆ ಸಿಕ್ಕಿಸಿ. ನಮಸ್ಕಾರ.